ಹಳೇ ಕೊಟ್ಟಿಗೆ ಬಿಚ್ಚಿ ತಂದು ಕಟ್ಟುವ ಕೆಲಸ



ಈ ಸಲ ಉಳಿತಾಯ, ಸಾಲ, ನಡಾವಳಿ ಪುಸ್ತಕದ ಮಾತು ಸ್ವಲ್ಪ ಬದಿಗಿಟ್ಟು ಒಂದು ಕೊಟ್ಟಿಗೆಯ ವಿಷಯ ಬರೆಯುತ್ತಿದ್ದೇವೆ. ಕಾರಣ ಇದೆ. ಕಳೆದ ಕೆಲವು ತಿಂಗಳಲ್ಲಿ ಮೂರು ಸಂಘಗಳಿಂದ ಒಂದೇ ತರಹದ ಸಾಲದ ಅರ್ಜಿ ಬಂತು: "ಹಳೇ ಕೊಟ್ಟಿಗೆ ಕೊಂಡುಕೊಳ್ಳಲು." ಸಂಘದವರು ನಮ್ಮನ್ನು ಕೇಳಿದರು, "ಸಿಸ್ಟರ್, ಹಳೇ ಕೊಟ್ಟಿಗೆ ಕೊಂಡರೆ ಅದನ್ನು ಮನೆಗೆ ತರೋದು ಹೇಗೆ? ಇದಕ್ಕೆಲ್ಲಾ ಸಾಲ ಕೊಡಬಹುದಾ?" ಕೊಡಬಹುದು. ಆದರೆ ಕೊಡುವ ಮೊದಲು ಏನೇನು ನೋಡಬೇಕು ಅನ್ನುವುದನ್ನು ನಾವು 2024ರ ಬೇಸಿಗೆಯಲ್ಲಿ ಒಂದು ಮನೆಯವರ ಜೊತೆ ನಿಂತು ಕಲಿತೆವು. ಕೆಲವು ತಪ್ಪು ಮಾಡಿಯೂ ಕಲಿತೆವು.

ನಮ್ಮ ಮಲೆನಾಡಿನಲ್ಲಿ ಈಗ ಹಳೇ ಹಂಚಿನ ಕೊಟ್ಟಿಗೆಗಳು ಸಿಗುತ್ತವೆ. ಮಕ್ಕಳು ಪೇಟೆ ಸೇರಿದ್ದಾರೆ, ದನ ಸಾಕುವವರಿಲ್ಲ, ಗೊಬ್ಬರವನ್ನೂ ದುಡ್ಡು ಕೊಟ್ಟೇ ತರಿಸುತ್ತಾರೆ. ಕೊಟ್ಟಿಗೆ ಖಾಲಿ ನಿಂತಿರುತ್ತದೆ. ಅಲ್ಲಿ ಅಡಿಕೆ ಒಣಗಿಸಲು ಅಂಗಳ ಬೇಕು, ಇಲ್ಲಾ ಕಾರು ನಿಲ್ಲಿಸಲು ಜಾಗ ಬೇಕು. "ಇಷ್ಟು ಕೊಟ್ಟು ಬಿಚ್ಚಿಕೊಂಡು ಹೋಗಿ, ಜಾಗ ಖಾಲಿ ಮಾಡಿಕೊಡಿ" ಅಂತಾರೆ. ಹಾಗೇ ಬಿಟ್ಟರೆ ಜೆ.ಸಿ.ಬಿ. ಬಂದು ಒಂದು ಗಂಟೆಯಲ್ಲಿ ನೆಲಸಮ ಮಾಡುತ್ತದೆ, ಒಳ್ಳೆ ಮರವೆಲ್ಲಾ ಸೌದೆಯಾಗುತ್ತದೆ.

ನಮ್ಮ ಒಂದು ಸಂಘದ ಸದಸ್ಯೆಗೆ ಎರಡು ಹಸು, ಒಂದು ಕರು. ಅವುಗಳಿಗೆ ಇದ್ದದ್ದು ಅಡಿಕೆ ಸೋಗೆ ಹೊದಿಸಿ ಮೇಲೆ ಪ್ಲಾಸ್ಟಿಕ್ ಎಳೆದ ಚಪ್ಪರ. ಹಿಂದಿನ ಮಳೆಗಾಲದಲ್ಲಿ ಕೆಸರಲ್ಲಿ ನಿಂತೂ ನಿಂತೂ ಒಂದು ಹಸುವಿಗೆ ಕೆಚ್ಚಲು ಬಾವು ಬಂದು ಒಂದು ಮೊಲೆ ಬತ್ತಿತು. ಡೇರಿಗೆ ಹಾಕುವ ಹಾಲು ಅರ್ಧ ಆಯಿತು, ಮಗನ ಕಾಲೇಜು ಫೀಸು ತಡವಾಯಿತು. ಇನ್ನೊಂದು ಮಳೆಗಾಲ ಅದೇ ಚಪ್ಪರದಲ್ಲಿ ಕಳೆಯಲು ಆಕೆಗೆ ಧೈರ್ಯ ಇರಲಿಲ್ಲ. ಹೊಸದಾಗಿ ಕಬ್ಬಿಣದ ಪೈಪು, ತಗಡು ಹಾಕಿ ಕಟ್ಟಲು ಮೇಸ್ತ್ರಿ ಹೇಳಿದ್ದು 90 ಸಾವಿರ. ಆಗ ಮೂರು ಮೈಲಿ ಆಚೆ ಒಂದು ತೋಟದವರ ಹಳೇ ಕೊಟ್ಟಿಗೆ 16 ಸಾವಿರಕ್ಕೆ ಇದೆ ಅಂತ ಗೊತ್ತಾಯಿತು. ಷರತ್ತು ಒಂದೇ, ಮೇ ತಿಂಗಳೊಳಗೆ ಜಾಗ ಖಾಲಿಯಾಗಬೇಕು.

ಕೊಳ್ಳುವ ಮೊದಲು

ದುಡ್ಡು ಕೊಡುವ ಮೊದಲು ಒಂದು ದೊಡ್ಡ ಮೊಳೆ ಹಿಡಿದುಕೊಂಡು ಹೋಗಿ. ಕಂಬದ ಬುಡ, ತೊಲೆಯ ತುದಿ, ಪಕಾಸಿಯ (ಕೆಲವು ಕಡೆ ಪಕ್ಕಾಸು ಅಂತಾರೆ) ಕೆಳತುದಿ, ಈ ಮೂರು ಕಡೆ ಚುಚ್ಚಿ ನೋಡಿ. ಮೊಳೆ ಬೆಣ್ಣೆಗೆ ಹೋದ ಹಾಗೆ ಹೋದರೆ ಅಲ್ಲಿ ಮರ ಸತ್ತಿದೆ. ನಡುಭಾಗ ಎಷ್ಟು ಗಟ್ಟಿಯಿದ್ದರೂ ಇವು ಮೊದಲು ಕೊಳೆಯುತ್ತವೆ, ಏಕೆಂದರೆ ನೀರು ತಾಗುವುದು ಅಲ್ಲೇ. ಸುತ್ತಿಗೆಯಿಂದ ಮೆಲ್ಲನೆ ತಟ್ಟಿದರೆ ಒಳ್ಳೆ ಮರ ಗಟ್ಟಿ ದನಿ ಕೊಡುತ್ತದೆ, ಗೆದ್ದಲು ತಿಂದದ್ದು ಡೊಳ್ಳು ಡೊಳ್ಳು ಅನ್ನುತ್ತದೆ. ತೊಲೆ ಕೆಳಗೆ ಹಿಟ್ಟಿನಂತಹ ಪುಡಿ ಬಿದ್ದಿದ್ದರೆ ಒಳಗೆ ಹುಳ ಇನ್ನೂ ಜೀವಂತ ಇದೆ ಎಂದರ್ಥ. ಅಂಥದ್ದನ್ನು ತಂದು ಒಳ್ಳೆ ಮರದ ಪಕ್ಕ ಇಟ್ಟರೆ ಅದಕ್ಕೂ ಹತ್ತುತ್ತದೆ.

ನಮ್ಮ ಸದಸ್ಯೆಯ ಅತ್ತೆ, ಎಪ್ಪತ್ತು ದಾಟಿದವರು, ಈ ಪರೀಕ್ಷೆ ಮಾಡಿದರು. ಗಂಡಸರು ಮಾಡಿನ ಕಡೆ ಕತ್ತೆತ್ತಿ ನಿಂತಿದ್ದಾಗ ಅಜ್ಜಿ ಬಗ್ಗಿ ಕಂಬದ ಬುಡ ಉಗುರಲ್ಲಿ ಕೆರೆದರು. "ಕಂಬ ಮತ್ತಿ ಮರದ್ದು, ಪಕಾಸಿ ಹಲಸು. ಬುಡ ಕಲ್ಲಿನ ಮೇಲಿದೆ, ಗೆದ್ದಲು ಹತ್ತಿಲ್ಲ. ಪಕಾಸಿ ತುದಿ ಮಾತ್ರ ಹೋಗಿದೆ" ಅಂದರು. ಕೊನೆಗೆ ಲೆಕ್ಕ ಅವರು ಹೇಳಿದ ಹಾಗೇ ಆಯಿತು.

ಹಂಚು ಎಣಿಸುವುದು ಸುಲಭ. ಒಂದು ಸಾಲಿನಲ್ಲಿ ಎಷ್ಟು, ಮೇಲಿಂದ ಕೆಳಗೆ ಎಷ್ಟು ಸಾಲು ಎಂದು ನೋಡಿದರೆ ಆಯಿತು. ಈ ಕೊಟ್ಟಿಗೆಯಲ್ಲಿ ಒಂದೊಂದು ಮಗ್ಗುಲಿಗೆ 8 ಸಾಲು, ಸಾಲಿಗೆ 30 ಹಂಚು. ಎರಡು ಮಗ್ಗುಲು ಸೇರಿ 480. ಒಂದು ಮಂಗಳೂರು ಹಂಚು ಎರಡೂವರೆ ಕಿಲೋ ಎಂದು ಹಿಡಿಯಿರಿ. ಅಂದ್ರೆ ನಿಮ್ಮ ತಲೆಯ ಮೇಲೆ 12 ಕ್ವಿಂಟಾಲ್ ಕೂತಿದೆ. ಮಳೆ ನೀರು ಕುಡಿದಾಗ ಇನ್ನೂ ಹೆಚ್ಚು. ಕಂಬ, ತೊಲೆಗಳ ವಿಷಯದಲ್ಲಿ ಹುಡುಗಾಟ ಬೇಡ ಎನ್ನುವುದು ಇದಕ್ಕೇ.

ಹಂಚಿನ ಬೆನ್ನಿನ ಮೇಲೆ ಕಾರ್ಖಾನೆಯ ಹೆಸರು ಒತ್ತಿರುತ್ತದೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಮೊದಲ ಕಾರ್ಖಾನೆ ಹಾಕಿದ ಮೇಲೆ ಕರಾವಳಿಯಲ್ಲಿ ನದಿ ದಂಡೆಯ ಜೇಡಿಮಣ್ಣು ಸಿಗುವ ಕಡೆಯೆಲ್ಲಾ ಹಂಚಿನ ಕಾರ್ಖಾನೆಗಳು ಎದ್ದವು. ಒಬ್ಬೊಬ್ಬರ ಅಚ್ಚು ಒಂದೊಂದು ತರ. ಒಂದು ಕಾರ್ಖಾನೆಯ ಹಂಚಿನ ಅಂಚಿಗೆ ಇನ್ನೊಂದರ ಹಂಚು ಸರಿಯಾಗಿ ಕೂರುವುದಿಲ್ಲ, ನಡುವೆ ಬೆರಳು ಹೋಗುವಷ್ಟು ಸಂದು ಉಳಿಯುತ್ತದೆ. ಆದ್ದರಿಂದ "ಕಮ್ಮಿ ಬಿದ್ದರೆ ಬೇರೆ ಕಡೆ ತಂದರಾಯಿತು" ಅಂತ ನಂಬಬೇಡಿ. ತರುವುದಾದರೆ ಒಂದು ಹಂಚು ಕೈಯಲ್ಲಿ ಹಿಡಿದುಕೊಂಡು ಹೋಗಿ ಜೋಡಿಸಿ ನೋಡಿ ತನ್ನಿ.

ಇನ್ನು ಕಾಗದಪತ್ರ. ಮಾರುವವರಿಂದ ಒಂದು ಚೀಟಿ ಬರೆಸಿಕೊಳ್ಳಿ: ಯಾವ ಕೊಟ್ಟಿಗೆ, ಎಷ್ಟಕ್ಕೆ, ಯಾವ ದಿನಾಂಕದೊಳಗೆ ಬಿಚ್ಚಬೇಕು, ಕಲ್ಲು, ಬಾಗಿಲು ಸೇರಿದೆಯೋ ಇಲ್ಲವೋ. ಚೀಟಿ ಸದಸ್ಯೆಯ ಹೆಸರಲ್ಲೇ ಇರಲಿ. ಸಾಲ ಆಕೆಯ ಹೆಸರಲ್ಲಿ ತಾನೇ ಇರುವುದು. ಮರ ಹಳೆಯದಾದರೂ ಟ್ರ್ಯಾಕ್ಟರಿಗೆ ಹಾಕುವ ಮೊದಲು ಹತ್ತಿರದ ಅರಣ್ಯ ಕಚೇರಿಯಲ್ಲಿ ವಿಚಾರಿಸಿ, ಅನುಮತಿ ಬೇಕೆಂದರೆ ತೆಗೆದುಕೊಳ್ಳಿ. ದಾರಿಯಲ್ಲಿ ನಿಲ್ಲಿಸಿ ಕೇಳಿದಾಗ "ಇದು ಹಳೇ ಕೊಟ್ಟಿಗೆದು ಸಾರ್" ಅಂದರೆ ಸಾಲದು. ಬಿಚ್ಚುವ ಮೊದಲಿನ ಕೊಟ್ಟಿಗೆಯ ಫೋಟೋ ಮೊಬೈಲಿನಲ್ಲಿ ಇದ್ದರೆ ಅದೂ ಒಂದು ಸಾಕ್ಷಿ. ಜೊತೆಗೆ ಪಂಚಾಯತಿಯಲ್ಲೂ ಒಮ್ಮೆ ಕೇಳಿ. ಉದ್ಯೋಗ ಖಾತ್ರಿಯಲ್ಲಿ ಹಲವು ವರ್ಷ ದನದ ಕೊಟ್ಟಿಗೆ ಕಟ್ಟಲು ಸಹಾಯ ಸಿಕ್ಕಿತ್ತು. ಈಗ ನಿಮ್ಮಲ್ಲಿ ಏನು ಇದೆ ಎಂದು ತಿಳಿದುಕೊಂಡ ಮೇಲೆ ಸಾಲಕ್ಕೆ ಕೈ ಹಾಕಿ.

ನಮ್ಮಿಂದ ಆದ ತಪ್ಪು

ಕೊಟ್ಟಿಗೆಯ ಹಿಂದುಗಡೆಗೆ ಇಳಿಸಿ ಕಟ್ಟಿದ ಒಂದು ಭಾಗಕ್ಕೆ ಹಂಚಿರಲಿಲ್ಲ, ಸಿಮೆಂಟ್ ಶೀಟು ಹಾಕಿದ್ದರು, ಆರು. ನಾವು ಅದನ್ನು ನೋಡಿಯೂ ನೋಡಲಿಲ್ಲ. ಮಳೆ ಬರುವ ಮೊದಲು ಮುಗಿಸಬೇಕು, ಬೇಗ ಬೇಗ ಅಂತ ಅವಸರ ಮಾಡಿದವರು ನಾವೇ. ಮೊದಲ ದಿನ ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ಎಂಟನೇ ಕ್ಲಾಸಿನ ಮಗಳು ಒಂದು ಶೀಟನ್ನು ಸುತ್ತಿಗೆಯಲ್ಲಿ ಚೂರು ಮಾಡಿ ಬುಟ್ಟಿಗೆ ತುಂಬುತ್ತಿದ್ದಳು. ಬೆಳಕಿನಲ್ಲಿ ಧೂಳು ಹೊಗೆಯಂತೆ ತೇಲುತ್ತಿತ್ತು. ಮೂಗಿಗೆ ಒಂದು ಬಟ್ಟೆಯೂ ಇಲ್ಲ.

ಈ ಹಳೇ ಸಿಮೆಂಟ್ ಶೀಟುಗಳಲ್ಲಿ ಆಸ್ಬೆಸ್ಟಾಸ್ ಎಂಬ ನಾರು ಬೆರೆಸಿರುತ್ತಾರೆ. ಶೀಟು ಗಟ್ಟಿಯಾಗಿ ಮೇಲೆ ಕೂತಿರುವಾಗ ತೊಂದರೆ ಕಡಿಮೆ. ಒಡೆದಾಗ, ಗರಗಸ ಹಾಕಿದಾಗ, ತೂತು ಕೊರೆದಾಗ ಕಣ್ಣಿಗೆ ಕಾಣದಷ್ಟು ಸಣ್ಣ ನಾರು ಗಾಳಿಗೆ ಏಳುತ್ತದೆ. ಉಸಿರಿನ ಜೊತೆ ಒಳಗೆ ಹೋದದ್ದು ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುತ್ತದೆ, ಕರಗುವುದಿಲ್ಲ. ಎಲ್ಲಾ ಬಗೆಯ ಆಸ್ಬೆಸ್ಟಾಸೂ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಕಾಯಿಲೆ ನಾಳೆ ಬರುವುದಲ್ಲ, ಇಪ್ಪತ್ತು ಮೂವತ್ತು ವರ್ಷ ಕಳೆದು ಬರುವುದು. ಆದ್ದರಿಂದಲೇ ಯಾರೂ ಹೆದರುವುದಿಲ್ಲ. ಒಂದು ದಿನ ಧೂಳು ಕುಡಿದ ಮಾತ್ರಕ್ಕೆ ಕಾಯಿಲೆ ಬಂದೇ ಬರುತ್ತದೆ ಅಂತಲ್ಲ. ಹೆಚ್ಚು ದಿನ, ಹೆಚ್ಚು ಧೂಳು ಇದ್ದಷ್ಟು ಅಪಾಯ ಹೆಚ್ಚು. ಆದರೂ ಹದಿಮೂರು ವರ್ಷದ ಹುಡುಗಿ. ಅವಳ ಮುಂದೆ ಎಷ್ಟು ವರ್ಷ ಇದೆ! ಆ ದಿನ ರಾತ್ರಿ ನಮಗೆ ನಿದ್ದೆ ಹತ್ತಲಿಲ್ಲ.

ಕೆಲಸ ನಿಲ್ಲಿಸಿದೆವು. ಚೂರುಗಳ ಮೇಲೆ ನೀರು ಚಿಮುಕಿಸಿ, ಒದ್ದೆಯಿರುವಾಗಲೇ ಗೊಬ್ಬರದ ದಪ್ಪ ಚೀಲಕ್ಕೆ ಎರಡು ಪದರ ತುಂಬಿ ಬಾಯಿ ಕಟ್ಟಿದೆವು. ಒಣ ಪೊರಕೆಯಿಂದ ಗುಡಿಸಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಹುಡುಗಿಗೆ ತಲೆಸ್ನಾನ ಮಾಡಿಸಿ ಬಟ್ಟೆ ಬೇರೆಯಾಗಿ ಒಗೆದರು. ಉಳಿದ ಐದು ಶೀಟುಗಳನ್ನು ನೀರು ಹಾಕಿ ನೆನೆಸಿ, ಬೋಲ್ಟು ಬಿಚ್ಚಿ (ಬಿಚ್ಚಲು ಬಾರದ ಕಡೆ ಬೋಲ್ಟನ್ನೇ ಕತ್ತರಿಸಿ, ಶೀಟನ್ನಲ್ಲ) ಇಡೀ ಇಡೀಯಾಗಿ ಇಬ್ಬಿಬ್ಬರು ಹಿಡಿದು ಇಳಿಸಿದರು. ಈ ಶೀಟಿನ ಮೇಲೆ ಕಾಲಿಡಬಾರದು. ಹಳತಾದ ಶೀಟು ಹಪ್ಪಳದಂತೆ ಮುರಿದು ಕೆಳಗೆ ಬಿದ್ದವರು ಎಷ್ಟೋ ಮಂದಿ. ಸಾಧಾರಣ ಕರವಸ್ತ್ರ ಈ ನಾರನ್ನು ತಡೆಯುವುದಿಲ್ಲ, ಆದ್ದರಿಂದ ಧೂಳು ಏಳದ ಹಾಗೆ ನೋಡಿಕೊಳ್ಳುವುದೇ ಮುಖ್ಯ.

ನೀವು ಕೊಳ್ಳುವ ಕೊಟ್ಟಿಗೆಗೆ ಸಿಮೆಂಟ್ ಶೀಟು ಇದ್ದರೆ ಅದು ನಮಗೆ ಬೇಡ ಎಂದು ಮಾತುಕತೆಯಲ್ಲೇ ಹೇಳಿಬಿಡಿ. "ಪುಕ್ಕಟೆ ಬರ್ತದಲ್ಲ" ಅಂತ ತಂದು ಬಚ್ಚಲಿಗೆ, ಒಲೆಯ ಮಾಡಿಗೆ ಹಾಕುವುದು ಬೇಡ.

ಬಿಚ್ಚುವ ಕ್ರಮ

ಕಟ್ಟಿದವರು ಕೊನೆಗೆ ಇಟ್ಟದ್ದನ್ನು ನಾವು ಮೊದಲು ತೆಗೆಯಬೇಕು. ಮಾತು ಸುಲಭ, ಆದರೆ ಅವಸರದವರು ಇದನ್ನೇ ಮರೆಯುತ್ತಾರೆ.

ಹಂಚಿಗೆ ಕೈ ಹಾಕುವ ಮೊದಲೇ ಕರೆಂಟು. ಕೊಟ್ಟಿಗೆಗೆ ಬಲ್ಬಿನ ಒಂದು ವೈರು ಇದ್ದೇ ಇರುತ್ತದೆ. ಸ್ವಿಚ್ಚು ಆರಿಸಿದ ಮಾತ್ರಕ್ಕೆ ಆಗಲಿಲ್ಲ. ತಿಳಿದ ವೈರ್‌ಮ್ಯಾನ್‌ನಿಂದ ಸಂಪರ್ಕವನ್ನೇ ಬಿಡಿಸಿ. ಕಂಬದಿಂದ ಬರುವ ಲೈನು ಮಾಡಿಗೆ ತಾಗಿದ್ದರೆ ಮೆಸ್ಕಾಂ ಲೈನ್‌ಮ್ಯಾನ್ ಬರುವ ತನಕ ಏಣಿ ಇಡಬೇಡಿ.

ಆಮೇಲೆ ಕೊಟ್ಟಿಗೆಯ ನಾಲ್ಕು ಮೂಲೆಗೆ ಹಗ್ಗ ಕಟ್ಟಿ ಹೊರಗೆ ಗೂಟಕ್ಕೆ ಬಿಗಿಯಬೇಕು. ಹಂಚಿನ ಭಾರದಿಂದಲೇ ಹಳೇ ಕೊಟ್ಟಿಗೆ ಅಲ್ಲಾಡದೆ ನಿಂತಿರುತ್ತದೆ. ಭಾರ ಇಳಿದ ಮೇಲೆ ಕೀಲುಗಳು ಸಡಿಲವಾಗಿ ಒಂದು ಕಡೆಗೆ ವಾಲಬಹುದು. ಹಂಚನ್ನು ಎರಡೂ ಮಗ್ಗುಲಿಂದ ಸಮವಾಗಿ ತೆಗೆಯಬೇಕೆನ್ನುವುದೂ ಇದೇ ಕಾರಣಕ್ಕೆ. ಈ ಕಡೆ ಎರಡು ಸಾಲು ತೆಗೆದರೆ ಆ ಕಡೆಯೂ ಎರಡು ಸಾಲು. ಒಂದು ಮಗ್ಗುಲು ಪೂರಾ ಖಾಲಿ ಮಾಡಿ ಇನ್ನೊಂದನ್ನು ಬಿಟ್ಟರೆ ಆರು ಕ್ವಿಂಟಾಲ್ ಒಂದೇ ಕಡೆಗೆ ಎಳೆಯುತ್ತದೆ.

ಮೊದಲು ನೆತ್ತಿಯ ಮೇಲೆ ಕವುಚಿದ ಹಂಚು, ಆಮೇಲೆ ಮೇಲಿನ ಸಾಲಿನಿಂದ ಕೆಳಕ್ಕೆ. ಹಂಚಿನ ಮೇಲೆ ನಡೆಯಬೇಡಿ. ಪಕಾಸಿಗಳ ಮೇಲೆ ಅಡ್ಡ ಹಲಗೆ ಹಾಕಿ ಅದರ ಮೇಲೆ ಕೂತು ತೆಗೆಯಿರಿ. ಹಂಚಿನ ಸಂದಿಯಲ್ಲಿ ಚೇಳು, ಕಣಜ, ಕೆಲವೊಮ್ಮೆ ಹಾವೂ ಇರುತ್ತದೆ. ಒಂದು ಕೋಲಿನಿಂದ ಎತ್ತಿ ನೋಡಿ ಆಮೇಲೆ ಬೆರಳು ಹಾಕಿ. ಅಟ್ಟದಲ್ಲಿ ಇಲಿ, ಬಾವಲಿಗಳ ಹಿಕ್ಕೆ ಇದ್ದರೆ ನೀರು ಚಿಮುಕಿಸಿ ಬಾಚಿ ತೆಗೆಯಿರಿ. ಇಲಿಯ ಉಚ್ಚೆ ತಾಗಿದ ಒದ್ದೆ ಮಣ್ಣಿನಲ್ಲಿ ಗಾಯದ ಕಾಲಿಟ್ಟರೆ ಇಲಿಜ್ವರ ಬರಬಹುದು. ಎಲ್ಲರ ಕಾಲಿಗೂ ಗಟ್ಟಿ ಚಪ್ಪಲಿ, ಸಾಧ್ಯವಾದರೆ ಬೂಟು. ಧನುರ್ವಾಯು ಚುಚ್ಚುಮದ್ದು ಹಾಕಿಸಿ ತುಂಬಾ ವರ್ಷವಾಗಿದ್ದರೆ ಕೆಲಸ ಶುರುವಾಗುವ ಮೊದಲೇ ಆಸ್ಪತ್ರೆಗೆ ಹೋಗಿ ಬನ್ನಿ. ಮಗನಿಗೆ ಎರಡನೇ ದಿನವೇ ತುಕ್ಕು ಮೊಳೆ ಚುಚ್ಚಿತು. ಅವನಿಗೆ ಮೊದಲೇ ಹಾಕಿಸಿತ್ತು, ಬದುಕಿದೆವು.

ಮಾಡು ಹತ್ತುವ ವಿಷಯದಲ್ಲಿ ಸ್ವಲ್ಪ ಜಗಳವೂ ಆಯಿತು. ಹೆಂಗಸರು ಮಾಡು ಹತ್ತಬಾರದು ಅಂತ ಆಕೆಯ ಗಂಡ. "ಹಂಚು ಸೋರಿದಾಗ ಮಳೇಲಿ ಹತ್ತಿ ಸರಿ ಮಾಡೋಳು ಯಾರು? ನೀವು ಊರಲ್ಲಿ ಇರ್ತೀರಾ ಆಗ?" ಅಂತ ಆಕೆ. ಆತ ಲಾರಿ ಕ್ಲೀನರ್, ತಿಂಗಳಲ್ಲಿ ಅರ್ಧ ದಿನ ಊರಲ್ಲಿರುವುದಿಲ್ಲ. ಕೊನೆಗೆ ಆಕೆಯೂ ತಮ್ಮನೂ ಮೇಲೆ, ಗಂಡ ಏಣಿಯಲ್ಲಿ, ಮಗ ಮತ್ತು ಸಂಘದ ಇಬ್ಬರು ಸದಸ್ಯೆಯರು ಕೆಳಗೆ ಸಾಲಾಗಿ ನಿಂತರು. ಹಂಚು ಕೈಯಿಂದ ಕೈಗೆ ಬಂತು. ಎಸೆದು ಹಿಡಿಯುವ ಆಟಕ್ಕೆ ಯಾರನ್ನೂ ಬಿಡಲಿಲ್ಲ. ಮಗಳಿಗೆ ಮಾಡಿನ ನೇರ ಕೆಳಗೆ ಬರಲು ಅಪ್ಪಣೆಯಿಲ್ಲ. ಅವಳಿಗೆ ಲೆಕ್ಕ ಬರೆಯುವ ಕೆಲಸ. ಆ ದಿನ ಮೇ 1, ನಮಗೆ ಕಾರ್ಮಿಕರಾದ ಸಂತ ಜೋಸೆಫರ ಹಬ್ಬ. ಬಡಗಿಯ ಹಬ್ಬದ ದಿನ ಮರದ ಕೆಲಸಕ್ಕೆ ಕೈ ಹಾಕಿದ್ದು ಶುಭ ಅಂತ ಅಜ್ಜಿ, ಅವರು ನಮ್ಮ ಧರ್ಮದವರಲ್ಲದಿದ್ದರೂ, ಎರಡು ಊದುಬತ್ತಿ ಹಚ್ಚಿದರು.

ಇಳಿಸಿದ ಹಂಚನ್ನು ಮಲಗಿಸಿ ಪೇರಿಸಬಾರದು. ಅಂಚಿನ ಮೇಲೆ, ಪುಸ್ತಕ ಜೋಡಿಸಿದ ಹಾಗೆ ನಿಲ್ಲಿಸಬೇಕು. ಟ್ರ್ಯಾಕ್ಟರಿನಲ್ಲೂ ಹಾಗೇ, ಕೆಳಗೆ ಒಣಹುಲ್ಲು ಹಾಸಿ. ಪ್ರತಿಯೊಂದನ್ನೂ ಬೆರಳಿನ ಗಂಟಿನಿಂದ ತಟ್ಟಿ ನೋಡಿ. ಗಡಿಗೆ ಕೊಳ್ಳುವಾಗ ನೀವು ಮಾಡುವುದು ಅದೇ ತಾನೇ? ಟಣ್ ಅಂದರೆ ಒಳ್ಳೆಯದು, ಸತ್ತ ದನಿ ಬಂದರೆ ಬಿರುಕಿದೆ. 480ರಲ್ಲಿ ಇಳಿಸುವಾಗ 34 ಒಡೆದವು, ತಟ್ಟಿದಾಗ 16 ಬಿರುಕು ಸಿಕ್ಕವು. ಉಳಿದದ್ದು 430.

ಹಂಚು ಹೋದ ಮೇಲೆ ರೀಪು, ಆಮೇಲೆ ಪಕಾಸಿ, ನೆತ್ತಿಯ ತೊಲೆ, ಅಡ್ಡ ತೊಲೆ, ಉದ್ದ ತೊಲೆ, ಕೊನೆಗೆ ಕಂಬ. ಮೇಲೆ ಒಂದು ಮರ ಉಳಿದಿದ್ದರೂ ಅದರ ಕೆಳಗಿನ ಕಂಬ ಅಲ್ಲಾಡಿಸಬೇಡಿ. ರೀಪನ್ನು ಹಾರೆ ಹಾಕಿ ಎಬ್ಬಿದರೆ ಸೀಳುತ್ತದೆ. ಮೊಳೆಯ ತುದಿ ಆಚೆ ಬಂದಿದ್ದರೆ ಮೊದಲು ಆ ತುದಿಯನ್ನು ಹೊಡೆದು ತಲೆಯನ್ನು ಮೇಲೆಬ್ಬಿಸಿ, ಆಮೇಲೆ ಕೀಳಿ. ಕಿತ್ತ ಮೊಳೆ ಅಲ್ಲೇ ಬಿಸಾಡದೆ ಡಬ್ಬಿಗೆ ಹಾಕಿ, ದನ ಮೇಯುವ ಜಾಗ ಅದು. ಹಳೇ ಮೊಳೆ ನೆಟ್ಟಗೆ ಮಾಡಿ ಹೊಡೆಯುವ ಉಳಿತಾಯ ಬೇಡ, ತುಕ್ಕು ತಿಂದ ಮೊಳೆ ಒಳಗೇ ಮುರಿಯುತ್ತದೆ.

ಗುರುತು ಹಾಕುವುದು

ಇಡೀ ಕೆಲಸದ ಜೀವ ಇಲ್ಲಿದೆ. ಹಳೇ ಕೊಟ್ಟಿಗೆಯ ಮರಗಳು ಒಂದರಂತೆ ಒಂದು ಇರುವುದಿಲ್ಲ. ಬಡಗಿ ಆಯಾ ಕಂಬಕ್ಕೆ ಆಯಾ ತೊಲೆ ಕೂರುವಂತೆ ಕೀಲು ಕೊರೆದಿರುತ್ತಾನೆ. ಅದಲು ಬದಲಾದರೆ ಒಂದು ಕಡೆ ಸಡಿಲ, ಇನ್ನೊಂದು ಕಡೆ ಒಳಗೇ ಹೋಗುವುದಿಲ್ಲ.

ಮಗಳು ನೋಟ್‌ಬುಕ್ಕಿನಲ್ಲಿ ಕೊಟ್ಟಿಗೆಯ ಚಿತ್ರ ಬರೆದಳು, ಮೇಲಿಂದ ನೋಡಿದ ಹಾಗೆ ಒಂದು, ಪಕ್ಕದಿಂದ ಒಂದು. ಮೂಡಣ ದಿಕ್ಕಿನ ಕಂಬಗಳಿಗೆ ಮೂ-1, ಮೂ-2, ಪಡುವಣದವಕ್ಕೆ ಪ-1, ಪ-2. ಎರಡು ಮರ ಕೂಡುವ ಕಡೆ ಎರಡರ ಮೇಲೂ ಒಂದೇ ಗುರುತು. ತೊಲೆಯ ಯಾವ ಮೈ ಮೇಲಿತ್ತು ಅನ್ನುವುದಕ್ಕೆ ಒಂದು ಬಾಣ. ತುಂಬಾ ಚೆನ್ನಾಗಿ ಮಾಡಿದಳು. ಆದರೆ ಗುರುತು ಹಾಕಿದ್ದು ಶಾಲೆಯ ಸೀಮೆಸುಣ್ಣದಲ್ಲಿ! ಮರ ಮನೆಗೆ ಬಂದ ನಾಲ್ಕನೇ ದಿನ ಸಂಜೆ ಗುಡುಗು ಮಳೆ ಹೊಡೆಯಿತು. ಮೇಲೆ ಹೊದಿಸಿದ ಪ್ಲಾಸ್ಟಿಕ್ ಹಾರಿಹೋಗಿ ಅರ್ಧದಷ್ಟು ಗುರುತು ತೊಳೆದುಹೋಯಿತು. ಅಪ್ಪ ಬೈಯಲು ಬಾಯಿ ತೆರೆದ. ಅಜ್ಜಿ ಕಂಬದ ಕೀಲಿನ ಒಳಮೈ ತೋರಿಸಿದರು. ಅಲ್ಲಿ ಉಳಿಯಿಂದ ಹೊಡೆದ ಗೀರುಗಳು: ಒಂದು, ಎರಡು, ಮೂರು. ಮೊದಲು ಕಟ್ಟಿದ ಬಡಗಿ ಹಾಕಿದ್ದು. ನಾವು ಯಾರೂ ಅದನ್ನು ನೋಡಿರಲೇ ಇಲ್ಲ. ಆ ಗೀರು, ನೋಟ್‌ಬುಕ್ಕು, ಮೊಬೈಲ್ ಫೋಟೋ ಮೂರನ್ನೂ ಸೇರಿಸಿ ಒಂದು ದಿನ ಪೂರಾ ಕೂತು ಮತ್ತೆ ಎಲ್ಲಾ ಹೊಂದಿಸಿದರು.

ನೀವು ಪೇಂಟಿನಲ್ಲಿ ಬರೆಯಿರಿ, ಒಂದು ಸಣ್ಣ ಡಬ್ಬಿ ಸಾಕು. ಕೊಳೆತು ಕತ್ತರಿಸಬೇಕಾಗುವ ತುದಿಯ ಮೇಲೆ ಬರೆಯಬೇಡಿ.

ಕಟ್ಟುವುದು

ಪಕಾಸಿಗಳ ಕೆಳತುದಿ ಸುಮಾರು ಒಂದು ಅಡಿ ಕೊಳೆತಿತ್ತು. ಎಷ್ಟು ವರ್ಷದ ಹನಿ ನೀರೋ! ಹೊಸ ತುಂಡು ಜೋಡಿಸುವುದಾ, ಕತ್ತರಿಸುವುದಾ ಎಂದು ಚರ್ಚೆ ಬಂತು. ಬಡಗಿ ಹೇಳಿದ, ಜೋಡಿಸಿದ್ದು ಹಂಚಿನ ಭಾರಕ್ಕೆ ಬಾಗುತ್ತದೆ, ಕತ್ತರಿಸಿ ಕೊಟ್ಟಿಗೆಯನ್ನೇ ಸಣ್ಣದು ಮಾಡೋಣ. ಒಂದು ಅಡಿ ಎಂದರೆ ಹೆಚ್ಚುಕಡಿಮೆ ಒಂದು ಹಂಚಿನ ಸಾಲು. ಮಗ್ಗುಲಿಗೆ 8ರ ಬದಲು 7 ಸಾಲು, ಎರಡೂ ಸೇರಿ ಬೇಕಾದದ್ದು 420 ಹಂಚು. ನಮ್ಮ ಹತ್ತಿರ 430! ಒಡೆದ ಹಂಚಿನ ಚಿಂತೆಯೂ ಅಲ್ಲಿಗೆ ಮುಗಿಯಿತು. ಅಡ್ಡ ತೊಲೆಗಳನ್ನೂ ಕತ್ತರಿಸಿ ಕೀಲು ಹೊಸದಾಗಿ ಕೊರೆಯಬೇಕಾಯಿತು. ಅದೊಂದು ಕೆಲಸಕ್ಕೆ ಬಡಗಿ ಎರಡು ದಿನ ಬಂದ. ಇಂಥ ಕಡೆ ಉಳಿತಾಯ ನೋಡಬೇಡಿ, ಕಸುಬು ಬಲ್ಲವರನ್ನೇ ಕರೆಯಿರಿ. 18 ಅಡಿ ಉದ್ದ, 12 ಅಡಿ ಅಗಲ ಇದ್ದದ್ದು 18ಕ್ಕೆ 10 ಆಯಿತು. ಒಂದು ಹಸುವಿಗೆ ಮಾಡಿನ ಕೆಳಗೆ 40 ಚದರಡಿ ಹಿಡಿದರೆ ನಾಲ್ಕಕ್ಕೆ ಜಾಗ ಆಯಿತು. ಆಕೆಗೆ ಅಷ್ಟು ಸಾಕು.

ಜಾಗದ ಪ್ರಶ್ನೆ ಇದಕ್ಕಿಂತ ಕಷ್ಟದ್ದಾಗಿತ್ತು. ಮನೆ ಹಿತ್ತಲು ಇನ್ನೂ ಪಾಲಾಗಿಲ್ಲ, ಭಾವನವರಿಗೂ ಹಕ್ಕಿದೆ. "ಇಲ್ಲಿ ಕಲ್ಲು ಕಟ್ಟಿದರೆ ನಾಳೆ ಜಾಗವೇ ನಮ್ಮದು ಅಂತೀರಿ" ಎಂದು ಭಾವ ಮಾತು ಬಿಟ್ಟರು. ಆಕೆ ಸಂಘದ ಸಭೆಯಲ್ಲಿ ಅತ್ತುಬಿಟ್ಟಳು. ಸಾಲ ಎತ್ತಿಯಾಗಿದೆ, ಮರ ಅಂಗಳದಲ್ಲಿ ಬಿದ್ದಿದೆ, ಮಳೆ ತಲೆಯ ಮೇಲೆ. ನಾವೂ ಸಂಘದ ಅಧ್ಯಕ್ಷೆಯೂ ಭಾವನ ಮನೆಗೆ ಹೋಗಿ ಕೂತೆವು. ಆಕೆಯೇ ಒಂದು ದಾರಿ ಹೇಳಿದಳು: "ಭಾವಯ್ಯ, ಬಿಚ್ಚಿ ತಂದದ್ದು ತಾನೇ? ನಾಳೆ ಪಾಲಿನಲ್ಲಿ ಜಾಗ ನಿಮಗೆ ಬಂದರೆ ಮತ್ತೆ ಬಿಚ್ಚಿಕೊಂಡು ಹೋಗ್ತೇನೆ. ಕಂಬ ಮಣ್ಣಲ್ಲಿ ಹೂಳೋದಿಲ್ಲ, ಗೋಡೆ ಎಬ್ಬಿಸೋದಿಲ್ಲ." ಅದನ್ನೇ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದರು. ಸಾಲದ ಅರ್ಜಿ ಬಂದಾಗಲೇ ಈ ಪ್ರಶ್ನೆ ಕೇಳಬೇಕಿತ್ತು, ನಾವು ಕೇಳಲಿಲ್ಲ. ಈಗ ಕೇಳುತ್ತೇವೆ: ಯಾರ ಜಾಗ, ಯಾರ ಒಪ್ಪಿಗೆ?

ಕಂಬವನ್ನು ಮಣ್ಣಲ್ಲಿ ಹೂಳದೆ ಇದ್ದದ್ದು ಮರಕ್ಕೂ ಒಳ್ಳೆಯದಾಯಿತು. ನೆಲದಿಂದ ಒಂದು ಅಡಿ ಎತ್ತರದ ಕಲ್ಲು ಗಟ್ಟಿ ತಳದ ಮೇಲೆ ಕೂರಿಸಿ, ಅದರ ಮೇಲೆ ಕಂಬ ನಿಲ್ಲಿಸಿ ಕಬ್ಬಿಣದ ಪಟ್ಟಿಯಿಂದ ಬಿಗಿದಿದ್ದಾರೆ. ಗೆದ್ದಲು ಮೇಲೆ ಹತ್ತಬೇಕಾದರೆ ಕಲ್ಲಿನ ಮೇಲೆ ಮಣ್ಣಿನ ಗೆರೆ ಕಟ್ಟಿಕೊಂಡೇ ಬರಬೇಕು, ಆಗ ಕಣ್ಣಿಗೆ ಬೀಳುತ್ತದೆ, ಕೆರೆದು ಹಾಕಬಹುದು. ಗೋಡೆ ಇಲ್ಲದ ಮೇಲೆ ಕಂಬಗಳು ಪಕ್ಕಕ್ಕೆ ವಾಲದಿರಲು ಕಂಬಕ್ಕೂ ತೊಲೆಗೂ ಓರೆಯಾಗಿ ಒಂದು ಮರ ಕೊಡಬೇಕು. ಮೂರು ಮೂಲೆಯ ಆಕಾರ ಅಲ್ಲಾಡುವುದಿಲ್ಲ. ಮರಕ್ಕೆ ಸುಟ್ಟ ಎಂಜಿನ್ ಆಯಿಲ್ ಬಳಿಯುವ ರೂಢಿ ಇದೆ. ದನ ನೆಕ್ಕುವಷ್ಟು ಎತ್ತರದಲ್ಲಿ ಅದು ಬೇಡ. ಗೇರುಸಿಪ್ಪೆಯ ಎಣ್ಣೆ ಹಚ್ಚುವವರು ಕೈಗೆ ಚೀಲ ಕಟ್ಟಿಕೊಳ್ಳಿ, ಚರ್ಮ ಸುಡುತ್ತದೆ. ಅದೂ ದನಕ್ಕೆ ಎಟುಕದ ಮೇಲ್ಭಾಗಕ್ಕೆ ಮಾತ್ರ.

ಮಾಡಿನ ಇಳಿಜಾರು ಎರಡು ಅಡಿಗೆ ಒಂದು ಅಡಿಯಾದರೂ ಇರಲಿ, ನಮ್ಮ ಮಳೆಗೆ ಇನ್ನೂ ಸ್ವಲ್ಪ ಹೆಚ್ಚಿದ್ದರೆ ಒಳ್ಳೆಯದು. ರೀಪಿನ ಅಂತರಕ್ಕೆ ಟೇಪು ಹಿಡಿಯಬೇಡಿ, ಎರಡು ಹಂಚನ್ನು ಒಂದರ ಮೇಲೊಂದು ಕೂರಿಸಿ ಅದನ್ನೇ ಅಳತೆ ಮಾಡಿ. ಹಂಚು ಹೊದಿಸುವುದು ಕೆಳಗಿನ ಸಾಲಿನಿಂದ ಮೇಲಕ್ಕೆ, ಎರಡೂ ಮಗ್ಗುಲು ಸಮವಾಗಿ. ನೆಲಕ್ಕೆ ಒಂದು ಅಡಿಗೆ ಕಾಲು ಇಂಚು ಇಳಿಜಾರು ಕೊಟ್ಟು ಗಂಜಲ ಒಂದು ಕಾಲುವೆಗೆ ಹೋಗುವಂತೆ ಮಾಡಿ. ನೆಲವನ್ನು ಬೀದಿ ನುಣುಪು ಮಾಡಿಸಬೇಡಿ, ಹಸು ಜಾರಿ ಬಿದ್ದರೆ ಏಳುವುದಿಲ್ಲ.

ಲೆಕ್ಕ

ಕೊಟ್ಟಿಗೆಗೆ 16,000, ಟ್ರ್ಯಾಕ್ಟರ್ ಎರಡು ಸಲಕ್ಕೆ 3,000, ಬಡಗಿಗೆ 2,400, ಕಲ್ಲು, ಸಿಮೆಂಟ್, ಮರಳಿಗೆ 4,500, ಮೊಳೆ, ಪಟ್ಟಿ, ಹಗ್ಗಕ್ಕೆ 1,300, ಸಹಾಯಕ್ಕೆ ಬಂದವರ ಊಟಕ್ಕೆ 1,800. ಒಟ್ಟು 29,000. ಸಂಘದ ಸಾಲ 25,000, ಉಳಿದದ್ದು ಕೈಯಿಂದ. ಇಲ್ಲಿಗೆ ನಿಲ್ಲಿಸಿದರೆ ಲೆಕ್ಕ ಸುಳ್ಳಾಗುತ್ತದೆ. ಮಗಳ ನೋಟ್‌ಬುಕ್ಕಿನ ಪ್ರಕಾರ ಮನೆಯವರು ಮಾಡಿದ ಕೆಲಸ 46 ಆಳು. ದಿನಕ್ಕೆ 400 ಹಿಡಿದರೂ 18,400 ಆಗುತ್ತದೆ, ಅದು ಸೇರಿದರೆ 47,400. ಹಾಗಾದರೂ ಹೊಸದರ ಅರ್ಧದ ಹತ್ತಿರ. ಆದರೆ ಮನೆಯಲ್ಲಿ ದುಡಿಯುವ ಕೈ ಇಲ್ಲದವರು, ಕೂಲಿ ಕೊಟ್ಟೇ ಮಾಡಿಸುವವರು, ಅರ್ಧಕ್ಕರ್ಧ ಮರ ಕೊಳೆತ ಕೊಟ್ಟಿಗೆ ಕೊಳ್ಳುವವರು ಈ ದಾರಿ ಹಿಡಿಯಬಾರದು. ಅಂಥ ಅರ್ಜಿಗೆ ಸಂಘದವರು ಮುಲಾಜಿಲ್ಲದೆ ಬೇಡ ಅನ್ನಬೇಕು ಎನ್ನುವುದು ನಮ್ಮ ಅಭಿಪ್ರಾಯ.

ಜೂನ್ ಮೊದಲ ವಾರ ಹಸುಗಳು ಒಳಗೆ ಬಂದವು. ಮೊದಲ ಜೋರು ಮಳೆಗೆ ಎರಡು ಕಡೆ ಸೋರಿತು. ಆಕೆ ಏಣಿ ಇಟ್ಟು ಒಳಗಿನಿಂದಲೇ ಹಂಚು ಸರಿಸಿ ಕೂರಿಸಿದಳು. ಬತ್ತಿದ ಮೊಲೆ ಮತ್ತೆ ಬರಲಿಲ್ಲ, ಆದರೆ ಆ ಮಳೆಗಾಲ ಹೊಸದಾಗಿ ಬಾವು ಬರಲಿಲ್ಲ. ಸಾಲ 20 ಕಂತಿನಲ್ಲಿ ತೀರಿತು. ಪಾಲು ಇನ್ನೂ ಆಗಿಲ್ಲ. ಉಳಿದ ಹತ್ತು ಹಂಚು ಕೊಟ್ಟಿಗೆಯ ಹಿಂದೆ ನಿಲ್ಲಿಸಿದ್ದಾರೆ. ಐದು ಸಿಮೆಂಟ್ ಶೀಟು, ಆ ಎರಡು ಚೀಲ ಮಾತ್ರ ತೋಟದವರ ಜಾಗದ ಮೂಲೆಯಲ್ಲಿ ಪ್ಲಾಸ್ಟಿಕ್ ಹೊದ್ದು ಕೂತಿವೆ. ಅವನ್ನು ಎಲ್ಲಿ ಹಾಕಬೇಕು ಎಂದು ನಾವು ಎರಡು ಸಲ ಬರೆದು ಕೇಳಿದ್ದೇವೆ, ಉತ್ತರ ಬಂದಿಲ್ಲ. ಮೂರನೇ ಸಲ ಬರೆಯುತ್ತೇವೆ.

ಹಳೇ ಕೊಟ್ಟಿಗೆಗೆ ಅರ್ಜಿ ಹಾಕಿದ ಮೂರು ಸಂಘದವರು ಮುಂದಿನ ಮಹಾಸಂಘದ ಸಭೆಗೆ ಬರುವಾಗ ಕೊಟ್ಟಿಗೆಯ ಫೋಟೋ, ಹಂಚಿನ ಸಾಲಿನ ಲೆಕ್ಕ, ಜಾಗದ ವಿವರ ತನ್ನಿ. ಆ ಸದಸ್ಯೆ ಮಗಳ ನೋಟ್‌ಬುಕ್ಕು ತರುತ್ತೇನೆ ಅಂದಿದ್ದಾಳೆ. ಅಜ್ಜಿಯೂ ಬರುತ್ತಾರಂತೆ, ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕರೆ.